ನೀರಿನೊಳಗಿನ ಬಾಕಿ

ಬೇಮಳಖೇಡದ ಒಬ್ಬ ಗಾಳದವ, ಕಾರಂಜಾ ಹಿನ್ನೀರಿನಲ್ಲಿ ಹರಿಗೋಲು ನಡೆಸಿ ಬಲೆ ಬಿಟ್ಟು ಬದುಕಿದ ಒಬ್ಬ ಬಲೆಯವ. ಮೀನು ಹಿಡಿಯುವುದು ಮೊದಲನೆಯವನಿಗೆ ರಜೆಯ ಖುಷಿ, ಎರಡನೆಯವನಿಗೆ ಹೊಟ್ಟೆಪಾಡು. ಬೇಸಗೆಯಲ್ಲಿ ನೀರು ಇಳಿದು ದಂಡೆ ದೂರ ಸರಿದಿದ್ದ ಒಂದು ಸಂಜೆ ಇಬ್ಬರೂ ಆಡಿದ ಮಾತಿದು. ಶುರುವಾದದ್ದು ದೂರಿನಿಂದ.

ಗಾಳದವ: ಮತ್ತ ಹೋಯ್ತು ನೋಡ್ರಿ ಕಾಕಾ. ಗಾಳ, ಗುಂಡು, ಬೆಂಡು ಎಲ್ಲಾ ಹೋಯ್ತು. ಇಲ್ಲಿ ಕಲ್ಲೂ ಕಾಣೂದಿಲ್ಲ, ಬೊಡ್ಡಿನೂ ಕಾಣೂದಿಲ್ಲ. ಎದಕ್ಕ ಸಿಕ್ಕಿತ್ತೊ ಏನೊ.

ಬಲೆಯವ: ಜಗ್ಗಿದಾಗ ಹೆಂಗನಿಸ್ತು? ಗಟ್ಟಿಯಾಗಿ ಹಿಡಕೊಂಡು ನಿಂತಿತ್ತೊ, ಒಂದಿಷ್ಟು ಬಂದು ಹಿಂದ ಹೋಗ್ತಿತ್ತೊ?

ಗಾಳದವ: ಒಂದು ಮೊಳ ಬರ್ತಿತ್ತು, ಸಡ್ಲ ಬಿಟ್ರ ಮತ್ತ ಅಷ್ಟೇ ಒಯ್ತಿತ್ತು. ದೊಡ್ಡ ಮೀನೇ ಅಂತ ತಿಳ್ಕೊಂಡೆ.

ಬಲೆಯವ: ಮೀನಿದ್ರ ತಲಿ ಝಾಡಿಸ್ತದ, ದಿಕ್ಕು ಬದಲಾಯಿಸ್ತದ. ಕಲ್ಲಾದ್ರ ಜಗ್ಗಿದ್ರೂ ಅಲ್ಲಾಡೂದಿಲ್ಲ. ಜಗ್ಗಿದಷ್ಟು ಬಂದು ಬಿಟ್ಟಷ್ಟು ಹೋಗೂದು ಬಲಿ ಒಂದೇ. ನಿನ್ನ ಗಾಳ ಯಾರದೋ ಹಳೀ ಬಲ್ಯಾಗ ಸಿಕ್ಕದ.

ಗಾಳದವ: ಅದೇ ನನ್ನ ಸಿಟ್ಟು. ಮೀನು ಹಿಡಿಯೋ ಕಸುಬಿನವರೇ ನೀರಾಗ ಹೀಂಗ ಕಸ ಬಿಟ್ಟು ಹೋದ್ರ ಹೆಂಗ? ನಾ ಒಂದು ಒಳ್ಳೆ ರಾಡ್, ರೀಲ್ ತರಬೇಕಂದ್ರ ಹೈದರಾಬಾದಿಗಿ ಹೋಗಬೇಕು. ರೊಕ್ಕ ಕೊಟ್ಟು ತಂದ ಸಾಮಾನು ಮಂದಿ ಬಿಟ್ಟ ಬಲಿಗಿ ಬಲಿಯಾಗ್ಲತ್ತದ.

ಬಲೆಯವ: ಗಾಳ ಹೋದ್ರ ನಿನ್ನ ಆಯಿತವಾರ ಕೆಡ್ತದ. ಬಲಿ ಹೋದ್ರ ನಮ್ಮ ಮನಿ ಸಂತಿ ಕೆಡ್ತದ. ಬಲಿ ಯಾರೂ ಖುಷಿಲಿಂದ ಬಿಡೂದಿಲ್ಲ ತಮ್ಮಾ. ಮೊದಲ ಈ ನೀರು ಎಂಥಾದ್ದು ಅನ್ನೋದು ತಿಳ್ಕೊ. ಇದು ಹುಟ್ಟಾ ಕೆರಿ ಅಲ್ಲ, ಹೊಲದ ಮ್ಯಾಲ ನಿಂತ ನೀರು. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಹತ್ರ ಕಾರಂಜಾ ಹೊಳಿಗಿ ಡ್ಯಾಮ್ ಕಟ್ಟಿದ್ರು. 7.69 ಟಿಎಂಸಿ ನೀರು ಹಿಡೀತದ ಅಂತ ಲೆಕ್ಕ. ಅಷ್ಟು ನೀರು ನಿಲ್ಲಬೇಕಂದ್ರ ಹೊಲ ಮನಿ ಮುಳುಗಬೇಕು, ಮುಳುಗಿದ್ವು. ಪರಿಹಾರದ ಜಗಳ ವರ್ಷಾನುಗಟ್ಲೆ ನಡೀತು. ಬದುವಿನ ಕಲ್ಲು, ಬಾವಿ ಕಟ್ಟಿ, ಜಾಲಿ ಗಿಡದ ಬೊಡ್ಡಿ ಎಲ್ಲಾ ಅಲ್ಲೇ ಬುಡಕ ಉಳದಾವ. ನೀರಿನ ಮ್ಯಾಲಿಂದ ನೋಡಿದವಗ ಬರೀ ನೀರು ಕಾಣ್ತದ. ಬಲಿ ಬಿಡೋನಿಗಿ ಬುಡಕಿನ ಸರ್ವೆ ನಂಬರ್ ಸುದ್ದಾ ಗೊತ್ತಿರಬೇಕಾಗ್ತದ.

ಗಾಳದವ: ಗೊತ್ತಿದ್ದೂ ಸಿಗ್ತದಲ್ಲ?

ಬಲೆಯವ: ಸಿಗ್ತದ. ನಾವು ಬಿಡೋ ಬಲಿ ನೀರಾಗ ನಿಂದರೋ ಬಲಿ. ಮ್ಯಾಲಿನ ಹಗ್ಗಕ್ಕ ಬೆಂಡು, ತೆಳಗಿನ ಹಗ್ಗಕ್ಕ ಗುಂಡು. ಸಂಜಿಗಿ ಬಿಟ್ಟು ಬರ್ತೀವಿ, ನಸಿಕಿನಾಗ ಹೋಗಿ ಎತ್ತತೀವಿ. ಮೀನು ಬಲಿಯ ಕಣ್ಣಾಗ ತಲಿ ತೂರಸ್ತದ, ಮೈ ದಪ್ಪ ಇರ್ತದಂತ ಮುಂದ ಹೋಗೂದಿಲ್ಲ, ಹಿಂದ ಸರದ್ರ ಕಿವಿರಿಗಿ ದಾರ ಬೀಳ್ತದ. ಅಷ್ಟೇ ಅದರ ಕೆಲಸ. ರಾತ್ರಿ ಗಾಳಿ ಎದ್ದಿತಂದ್ರ ಬಲಿ ಸರಕೊಂತ ಹೋಗಿ ಬೊಡ್ಡಿಗಿ ಸುತ್ತತದ. ಮುಂಜಾನಿ ಜಗ್ಗಿದ್ರ ಅರ್ಧ ಬರ್ತದ, ಅರ್ಧ ಬರೂದಿಲ್ಲ. ಹರಿಗೋಲಿನಾಗ ಒಬ್ಬನೇ ಇರ್ತೀನಿ, ಜಾಸ್ತಿ ಜಗ್ಗಿದ್ರ ಹರಿಗೋಲೇ ಮಗಚ್ತದ. ಮುಳುಗಿ ಬಿಡಸ್ಲಾಕ ಹೋದ್ರ ಕಾಲಿಗಿ ಅದೇ ಬಲಿ ಸುತ್ತತದ. ಈಜು ಬರೋ ಮಂದಿನೇ ಹಂಗ ಹೋಗ್ತಾರ. ಕುಡಗೋಲಿಲೆ ಹಗ್ಗ ಕೊಯ್ದು ಕೈಗಿ ಬಂದಷ್ಟು ತರೂದು, ಉಳದದ್ದು ನೀರಿಗಿ.

ಗಾಳದವ: ಮೊದಲ ಕಾಲದಾಗೂ ಹೀಂಗೇ ಉಳೀತಿತ್ತೇನ್ರಿ?

ಬಲೆಯವ: ಉಳೀತಿತ್ತು, ಖರೆ ಬಾಳೂತಿರಲಿಲ್ಲ. ನಮ್ಮ ಮುತ್ಯಾ ಮಾಂಜ್ರಾ ಹೊಳ್ಯಾಗ ಹಿಡೀತಿದ್ದ. ಆಗ ಹತ್ತಿ ದಾರ, ಸೆಣಬಿನ ದಾರ. ತೊಡಿ ಮ್ಯಾಲ ಹೊಸದು, ಬೆರಳಿನ ಅಳತಿಲಿಂದ ಕಣ್ಣು ಹಾಕಿ ಹೆಣೀತಿದ್ರು. ಬಲಿ ಕೊಳೀಬಾರದಂತ ಗಿಡದ ತೊಗಟಿ ಕುದಿಸಿ ಆ ಚೊಗರಿನ ನೀರಾಗ ಅದ್ದಿ ತಗೀತಿದ್ರು. ದಿನಾ ಎತ್ತಬೇಕು, ದಿನಾ ಒಣಗಸಬೇಕು. ಒಂದು ಬಲಿ ಅಂದ್ರ ಮನಿ ಮಂದೆಲ್ಲಾ ಕೂಡಿ ಒಂದು ಬ್ಯಾಸಗಿ ಮಾಡಿದ ಕೆಲಸ. ಸಿಕ್ಕಿತಂದ್ರ ಎರಡು ದಿನ ಹೋಗಲಿ, ನಾಲ್ಕು ಮಂದಿ ಬರಲಿ, ಬಿಡಿಸಿ ತರ್ತಿದ್ರು. ತರಲಿಕ್ಕಾಗದಿದ್ರ ನೀರೇ ಅದನ್ನ ಕೊಳೆಸಿ ಮಣ್ಣು ಮಾಡ್ತಿತ್ತು.

ಗಾಳದವ: ದಾರ ಹೊಸಿಯೋ ಮಾತು ಬಂತಂತ ನೆನಪಾಯ್ತು. ನಮ್ಮ ಬಸವಕಲ್ಯಾಣದಾಗೇ 12ನೇ ಶತಮಾನದಾಗ ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸದು ಮಾರ್ತಿದ್ದ. ಹುಲ್ಲು ಕೊಯ್ಯೂ ಮುಂದ ಇಷ್ಟಲಿಂಗ ಜಾರಿ ಕೆರ್ಯಾಗ ಬಿತ್ತಂತ. ಅವ ಎತ್ತಲಿಲ್ಲ, ಕಾಯಕ ಬಿಡಲಿಲ್ಲ ಅನ್ನೋ ಕಥಿ ಅದ. ನಿಮ್ಮ ಮಂದಿನೂ ಅದೇ ಕಥಿ ಕೇಳಿರಬೇಕು, ಬಿದ್ದದ್ದು ಎತ್ತಬಾರದಂತ.

ಬಲೆಯವ: ಕಥಿ ಅರ್ಧ ಹೇಳಬ್ಯಾಡ. ಆ ಲಿಂಗ ತಾನೇ ಎದ್ದು ಚಂದಯ್ಯನ ಬೆನ್ನ ಹತ್ತಿ ಬಂತು. ನೈಲಾನ್ ಬಲಿ ಬೆನ್ನ ಹತ್ತಿ ಬರೂದಿಲ್ಲ, ನಾವೇ ಹೋಗಬೇಕು.

ಗಾಳದವ: ನೈಲಾನಿಂದೂ ಒಂದು ಕಥಿ ಅದ. ಅಮೆರಿಕದ ಡುಪಾಂಟ್ ಕಂಪನಿ ಪ್ರಯೋಗಾಲಯದಾಗ ವ್ಯಾಲೇಸ್ ಕ್ಯಾರಥರ್ಸ್ ಮತ್ತ ಅವನ ಜೊತಿಗಾರರು 1935ರಾಗ ಅದನ್ನ ಮಾಡಿದ್ರು. 1938ರಾಗ ಹಲ್ಲುಜ್ಜೋ ಬ್ರಶ್ಶಿನ ಎಳಿಯಾಗಿ ಪ್ಯಾಟಿಗಿ ಬಂತು, 1940ರಾಗ ಹೆಂಗಸರ ಕಾಲಚೀಲ ಆಯ್ತು. ಮುಂದ ಪ್ಯಾರಾಶೂಟ್, ಹಗ್ಗ, ಬಲಿ, ನನ್ನ ಗಾಳದ ದಾರ ಎಲ್ಲಾ ಅದರಲಿಂದೇ.

ಬಲೆಯವ: ಅದು ಬಂದಾಗ ನಮ್ಮವರಿಗಿ ಹಬ್ಬ ಆಯ್ತು. ಹಗುರ, ತೆಳ್ಳಗ, ನೀರಾಗ ಮೀನಿನ ಕಣ್ಣಿಗಿ ಬೀಳೂದಿಲ್ಲ, ಒಣಗಸೂದು ಬ್ಯಾಡ, ತೊಗಟಿ ಕುದಸೂದು ಬ್ಯಾಡ. ಮಷೀನಿನ ಮ್ಯಾಲ ಹೆಣದು ಬರ್ತದ, ಅಂಗಡ್ಯಾಗ ತೂಕದ ಮ್ಯಾಲ ಸಿಗ್ತದ. ಅಲ್ಲೇ ಲೆಕ್ಕ ತಲಿಕೆಳಗ ಆಯ್ತು ನೋಡು. ಕೊಳಿಯೋ ಬಲಿ ತುಟ್ಟಿ ಇತ್ತು, ಅದಕ್ಕ ಯಾರೂ ಬಿಡ್ತಿರಲಿಲ್ಲ. ಕೊಳೀದಿರೋ ಬಲಿ ಸೋವಿ ಆಯ್ತು, ಅದಕ್ಕ ಬಿಡ್ಲಾಕ ಮನಸ್ಸು ಬಂತು. ನೀರಾಗ ಇಷ್ಟು ಬಲಿ ಯಾಕ ಉಳದಾವ ಅಂತ ಯಾರರೆ ಕೇಳಿದ್ರ ನಾ ಇದೇ ಹೇಳ್ತೀನಿ. ಮಂದಿ ಕೆಟ್ಟಿಲ್ಲ, ಲೆಕ್ಕ ಕೆಟ್ಟದ.

ಗಾಳದವ: ನೈಲಾನ್ ಬಿಸಿಲಿಗಿ ಹಾಳಾಗ್ತದಲ್ರಿ? ನಮ್ಮ ಮನಿ ಮಾಳಗಿ ಮ್ಯಾಲ ಕಟ್ಟಿದ ಹಗ್ಗ ನಾಲ್ಕು ಬ್ಯಾಸಗಿಗಿ ಪುಡಿಪುಡಿ ಆಯ್ತು.

ಬಲೆಯವ: ಬಿಸಿಲಿಗಿ ಆಗ್ತದ. ನೀರಿನ ಬುಡಕ ಬಿಸಿಲೆಲ್ಲಿ ಅದ? ಕತ್ತಲು, ತಂಪು, ಕೆಸರು. ಅಲ್ಲಿ ಅದಕ್ಕ ಸಾವಿಲ್ಲ. ಇನ್ನೊಂದು, ಬಲಿಯ ದಾರ ಮುಳುಗ್ತದ, ಪ್ಲಾಸ್ಟಿಕ್ ಹಗ್ಗ ತೇಲ್ತದ. ಯಾಕಂತ ನೀ ಓದಿದವ ಹೇಳು.

ಗಾಳದವ: ನೀರಿನ ಸಾಂದ್ರತೆ 1 ಅಂತ ಹಿಡದ್ರ ನೈಲಾನಿಂದು 1.14, ಪಾಲಿಪ್ರೊಪಿಲೀನ್ ಹಗ್ಗದ್ದು 0.91. ಒಂದು ನೀರಿಗಿಂತ ಭಾರ, ಒಂದು ಹಗುರ.

ಬಲೆಯವ: ಹಾಂ. ಅದಕ್ಕೇ ಬಿಟ್ಟ ಬಲಿ ಪೂರಾ ನೆಲಕ್ಕ ಮಲಗೂದಿಲ್ಲ. ದಾರ ಕೆಳಗ ಜಗ್ತದ, ಹಗ್ಗ, ಬೆಂಡು ಮ್ಯಾಲ ಜಗ್ತಾವ. ಅರ್ಧ ಎದ್ದು ಅರ್ಧ ಬಿದ್ದು ನಿಂದರ್ತದ. ನಿನ್ನ ಗಾಳ ನೆಲಕ್ಕಿಂತ ಒಂದೆರಡು ಮೊಳ ಮ್ಯಾಲ ಆಡ್ಲತ್ತಿರ್ತದ ನೋಡು, ಅಲ್ಲೇ ಹಿಡೀತದ.

ಗಾಳದವ: ಅಲ್ಲಿತನಕ ಮೀನನ್ನೂ ಹಿಡೀತಿರ್ತದಲ್ಲ?

ಬಲೆಯವ: ಮೊದಲ ಕೆಲವು ತಿಂಗಳು ಜೋರಾಗಿ ಹಿಡೀತದ. ಹಿಡದದ್ದು ಎತ್ತೋರು ಇಲ್ಲ. ಸಿಕ್ಕ ಮೀನು ಸಾಯ್ತದ, ಅದರ ವಾಸನಿಗಿ ಏಡಿ, ಬಾಳಿ ಮೀನು, ಆಮಿ ಬರ್ತಾವ, ಅವೂ ಸಿಗ್ತಾವ. ಭಾರಕ್ಕ ಬಲಿ ಕುಸೀತದ. ಸಿಕ್ಕದ್ದೆಲ್ಲಾ ಕೊಳೆತು ಹೋದ ಮ್ಯಾಲ ಹಗುರಾಗಿ ಒಂದಿಷ್ಟು ಮತ್ತ ಏಳ್ತದ, ಮತ್ತ ಹಿಡೀತದ. ಕಟ್ಲಾ ಮ್ಯಾಲಿನ ನೀರಾಗ ಮೇಯ್ತದ, ರೋಹು ನಡುನೀರಾಗ, ಮೃಗಾಲ ನೆಲಕ್ಕ ಹತ್ತಿ. ಹಂಗಾಗಿ ಹೊಸದಾಗಿ ಕಳದ ಬಲಿ ಮೂರಕ್ಕೂ ಕುತ್ತು, ಹಳೀದು ಆದಂಗ ಮೃಗಾಲಕ್ಕ, ಮುರಲ ಮೀನಿಗಿ ಕುತ್ತು. ಪಾಚಿ ಹಿಡದು ದಪ್ಪಾದ ಮ್ಯಾಲ ಮೀನು ಹುಷಾರಾಗಿ ಸರದು ಹೋಗ್ತಾವ. ಆಗ ಉಳಿಯೋದು ನಿನ್ನ ಗಾಳಕ್ಕ, ಈಜೋ ಹುಡುಗರ ಕಾಲಿಗಿ, ನೀರಹಾವಿಗಿ.

ಗಾಳದವ: ಅಲ್ಲಿ ನೋಡ್ರಿ, ಆ ಬೊಡ್ಡಿಗಿ ಏನೋ ಜೋತಾಡ್ಲತ್ತದ.

ಬಲೆಯವ: ನಡಿ ತೋರಸ್ತೀನಿ. ಮುಟ್ಟು ನೋಡು. ಇದು ಜಾಲಿ ಬೊಡ್ಡಿ, ಹೋದ ಮಳಿಗಾಲದಾಗ ಇದರ ಮ್ಯಾಲ ನಾಲ್ಕಾಳು ನೀರಿತ್ತು. ಮ್ಯಾಲಿಂದ ಬಲಿ ಅಂತನೂ ಗೊತ್ತಾಗೂದಿಲ್ಲ, ಒಣಗಿದ ಪಾಚಿ ಕಂದು ತೊಗಟಿ ಆಗ್ಯದ. ಉಗುರಿಲೆ ಕೆರದ್ರ ಒಳಗಿನ ದಾರ ಇನ್ನೂ ಬೆಳ್ಳಗ ಹೊಳೀತದ, ಜಗ್ಗು, ಹರೀತದೇನು? ಈ ಕಣ್ಣಾಗ ನೋಡು, ಮೀನಿನ ಕಿವಿರಿನ ಎಲಬು ಹಂಗೇ ನಿಂತದ, ಮೈ ಇಲ್ಲ. ಇಲ್ಲಿ ಬಸವನಹುಳದ ಚಿಪ್ಪು ಗೊಂಚಲು. ಇಲ್ಲಿ ನಾಲ್ಕು ಗಾಳ. ಒಂದು ತುಕ್ಕು ಹಿಡದದ, ಮೂರು ಇನ್ನೂ ಚೂಪು ಅವ. ದಾರ ಸುದ್ದಾ ಉದ್ದ ಉಳದದ. ಇವು ಬಲಿಯವರದ್ದಲ್ಲ ತಮ್ಮಾ.

ಗಾಳದವ: ನಮ್ಮಂಥವರದು.

ಬಲೆಯವ: ಬಲಿ ಬಿಟ್ಟವನಿಗಿ ಬೈದಿ. ಇವನ್ನ ಬಿಟ್ಟವರಿಗಿ ಏನಂತಿ? ನಿಮ್ಮ ದಾರನೂ ಅದೇ ನೈಲಾನ್. ಸಿಕ್ಕಿತಂದ್ರ ದಂಡಿ ಮ್ಯಾಲೇ ಕತ್ತರಿಸಿ ಹೋಗ್ತೀರಿ, ಇಪ್ಪತ್ತು ಮೊಳ ದಾರ ನೀರಾಗೇ. ಸೀಸದ ಗುಂಡು ಕೆಸರಿನಾಗ.

ಗಾಳದವ: ಸೀಸದ್ದು ಖರೆ. ನೀರಹಕ್ಕಿ ಅರಗಿಸಲಾಕ ಹಳ್ಳು ನುಂಗ್ತಾವ, ಹಳ್ಳಂತ ತಿಳದು ಸೀಸ ನುಂಗಿ ವಿಷ ಏರಿ ಸಾಯ್ತಾವ. ಬ್ರಿಟನ್ನಿನಾಗ ಹಂಸಗಳು ಹಂಗ ಸಾಯ್ಲತ್ತವಂತ 1987ರಾಗ ಗಾಳಕ್ಕ ಕಟ್ಟೋ ಸೀಸದ ಗುಂಡು ಮಾರೋದು ನಿಲ್ಲಿಸಿದ್ರು. ನಮ್ಮಲ್ಲಿ ಇನ್ನೂ ಅಂಗಡ್ಯಾಗ ಮುಷ್ಟಿ ಲೆಕ್ಕಕ್ಕ ಕೊಡ್ತಾರ. ಚಳಿಗಾಲಕ್ಕ ಇಲ್ಲಿಗೂ ಬಾತುಕೋಳಿ ಬರ್ತಾವಲ್ಲ.

ಬಲೆಯವ: ಹಂಗಾದ್ರ ಮೊದಲ ಗಾಳ ಬಿಡಸ್ಲಾಕ ಕಲಿ. ಸಿಕ್ಕಿತಂದ ಕೂಡ್ಲೆ ಜಗ್ಗಬ್ಯಾಡ, ಜಗ್ಗಿದಷ್ಟು ಬಲ್ಯಾಗ ಒಳಗ ಹೋಗ್ತದ. ದಾರ ಸಡ್ಲ ಬಿಟ್ಟು ಸುಮ್ಮ ನಿಂದರು. ಆಮ್ಯಾಗ ದಂಡಿಗುಂಟ ಸರದು ಹೋಗಿ ಬ್ಯಾರೆ ದಿಕ್ಕಿಲಿಂದ ಸಣ್ಣಗ ಅಲ್ಲಾಡಸು. ಬರಲಿಲ್ಲಂದ್ರ ದಾರ ಕೈಗಿ ಸುತ್ತಬ್ಯಾಡ, ಬೆರಳು ಕೊಯ್ತದ. ಒಂದು ಕಟಗಿಗಿ ಸುತ್ತಿ ನೇರಕ್ಕ ಜಗ್ಗು. ನಿನ್ನ ದಾರ ಗಾಳದ ಹತ್ರ ಹರೀಬೇಕು, ನಿನ್ನ ಕಾಲ ಹತ್ರ ಅಲ್ಲ. ಅದಕ್ಕ ಗಾಳಕ್ಕ ಕಟ್ಟೋ ಕೊನಿ ತುಂಡು ಉಳದ ದಾರಕ್ಕಿಂತ ತೆಳ್ಳಂದು ಕಟ್ಟಬೇಕು. ಹೋದ್ರ ಗಾಳ ಒಂದೇ ಹೋಗ್ತದ. ಏನಾದ್ರೂ ನೀರಿಗಿ ಇಳೀಬ್ಯಾಡ.

ಗಾಳದವ: ಕಲೀತೀನಿ. ಆದ್ರ ಕಾಕಾ, ನಾಲ್ಕು ಗಾಳ, ನಾನೂರು ಮೊಳ ಬಲಿ ಒಂದೇ ಲೆಕ್ಕ ಅಲ್ಲಲ್ಲ. 2009ರಾಗ ವಿಶ್ವಸಂಸ್ಥೆಯ ಆಹಾರ ಮತ್ತ ಕೃಷಿ ಸಂಸ್ಥೆ, ಪರಿಸರ ಕಾರ್ಯಕ್ರಮ ಎರಡೂ ಕೂಡಿ ಒಂದು ವರದಿ ತಂದ್ವು. ವರ್ಷಕ್ಕ ಸುಮಾರು 6.4 ಲಕ್ಷ ಟನ್ ಬಲಿ, ಹಗ್ಗ, ಬುಟ್ಟಿ ಸಮುದ್ರದಾಗ ಉಳೀತಾವ ಅಂತ ಅದರಾಗಿನ ಅಂದಾಜು. ಗಂಗಾ ನದಿ ಗುಂಟ 2019ರಾಗ ಸರ್ವೆ ಮಾಡಿದವರು ಅಲ್ಲೂ ಎಸೆದ ಬಲಿ ರಾಶಿ ಕಂಡು, ಅದರಲಿಂದ ಗಂಗಾ ಡಾಲ್ಫಿನ್, ನೀರುನಾಯಿ, ಆಮಿಗಳಿಗಿ ಕುತ್ತದ ಅಂತ ಬರದ್ರು. ದೊಡ್ಡ ಬಾಕಿ ಬಲಿಯವರದೇ.

ಬಲೆಯವ: ದೊಡ್ಡದು ಬಲಿಯದೇ, ಇಲ್ಲ ಅನ್ನೂದಿಲ್ಲ. ಆದ್ರ ಬಲಿ ಯಾರದು ಕೇಳು. ಸರಕಾರ ನೀರಿನ ಮೀನು ಪಾಶುವಾರು ಹಕ್ಕು ಟೆಂಡರಿಗಿ ಹಾಕ್ತದ, ಇಲ್ಲಾ ಸೊಸೈಟಿಗಿ ಕೊಡ್ತದ, ಇಲ್ಲಾ ಲೈಸೆನ್ಸ್ ಮಾಡ್ತದ. ಹಕ್ಕು ಹಿಡಿದವ ಒಬ್ಬ, ಹರಿಗೋಲು ನಡಸೋನು ಇನ್ನೊಬ್ಬ. ಬಲಿ ಸಾಲದ ಲೆಕ್ಕದಾಗ ಬರ್ತದ. ಕೊಟ್ಟವನಿಗೇ ಮೀನು ಕೊಡಬೇಕು, ಅವ ಹೇಳಿದ ದರಕ್ಕ. ಆ ಮೀನು ಐಸ್ ಡಬ್ಬಿಯಾಗ ಕೂತು ಹುಮನಾಬಾದ ರೋಡ್ ಹಿಡದು ಹೈದರಾಬಾದಿಗಿ ಹೋಗ್ತದ. ನನ್ನ ಪಾಲಿಗಿ ಉಳಿಯೋದು ದಿನದ ಕೂಲಿ. ಸಿಕ್ಕ ಬಲಿ ಬಿಡಸ್ಲಾಕ ಒಂದು ದಿನ ಹಾಕಿದ್ರ ಆ ದಿನದ ಮೀನು ಇಲ್ಲ. ಹರಿದದ್ದು ಹೊಲೀಲಾಕ ಎರಡು ದಿನ ಕೂತ್ರ ಎರಡು ದಿನದ ಒಲಿ ಹತ್ತೂದಿಲ್ಲ. ಹೊಸಾ ತುಂಡು ತಗೊಂಡ್ರ ಸಾಲದ ವಹ್ಯಾಗ ಒಂದು ಗೀಟು, ಅಷ್ಟೇ. ನೀ ಇದ್ರ ಏನ್ ಮಾಡ್ತಿದ್ದಿ?

ಗಾಳದವ: ಹೊಸಾ ತುಂಡು ತಗೊಂತಿದ್ದೆ.

ಬಲೆಯವ: ಇನ್ನ ಗುತ್ತಿಗಿ ಮುಗಿಯೋ ವರ್ಷ. ಮುಂದಿನ ಸಲ ನೀರು ಯಾರ ಕೈಗಿ ಹೋಗ್ತದೋ ಗೊತ್ತಿಲ್ಲ, ಅವರ ಸಲುವಾಗಿ ನೀರು ಹಸನ ಮಾಡಿ ಹೋಗೋನು ಯಾರು? ಲೈಸೆನ್ಸ್ ಇಲ್ಲದೆ ರಾತ್ರಿ ಬಿಡೋರು ಬ್ಯಾರೆ. ಅವರ ಬಲಿ ಸಿಕ್ಕಿತಂದ್ರ ಹಗಲಿಗಿ ಹುಡುಕ್ಲಾಕ ಬರೂ ಹಂಗೇ ಇಲ್ಲ. ಸಣ್ಣ ಕಣ್ಣಿನ ಬಲಿದೂ ಅದೇ ಹಾಡು. ತುಂಗಭದ್ರಾ ಡ್ಯಾಮಿನಾಗ ಅಲಿವಿ ಬಲಿ ಹಾಕಿ ಮರಿ ಮೀನು ಬಾಚೋ ಸುದ್ದಿ ಕೇಳಿರಬೇಕು ನೀ. ಕಾಯ್ದೆಗಿ ಹೆದರಿ ಮುಚ್ಚಿಟ್ಟ ಬಲಿ ಎಷ್ಟೋ ನೀರಾಗೇ ಉಳೀತಾವ.

ಗಾಳದವ: ಕಾಯ್ದೆ ಅದಲ್ಲ, 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ. ಹಿಡದು ದಂಡ ಹಾಕಲಿ.

ಬಲೆಯವ: ದಂಡ ಹಾಕಬೇಕಂದ್ರ ಬಲಿ ಯಾರದಂತ ಗೊತ್ತಾಗಬೇಕು. ಈ ಬೊಡ್ಡಿಗಿ ಸುತ್ತಿದ ಬಲಿ ಮ್ಯಾಲ ಯಾರ ಹೆಸರದ? ಸೈಕಲ್ಲಿಗಿ ನಂಬರಿತ್ತು, ಎತ್ತಿಗಿ ಕಿವಿ ಬಿಲ್ಲಿ ಅದ, ಬಲಿಗಿ ಏನೂ ಇಲ್ಲ.

ಗಾಳದವ: ಅದಕ್ಕ ಜಗತ್ತಿನಾಗ ಮಾತು ನಡದದ. ಬಲಿಗಿ ಗುರುತು ಹಾಕಬೇಕಂತ 2018ರಾಗ ಅದೇ ಆಹಾರ ಮತ್ತ ಕೃಷಿ ಸಂಸ್ಥೆ ಮಾರ್ಗಸೂಚಿ ಒಪ್ಪಿಕೊಂತು. ನಾರ್ವೆದವರು 1983ರಲಿಂದ ವರ್ಷಾ ಹಡಗು ತಗೊಂಡು ಹೋಗಿ ಕಳದ ಬಲಿ ಹುಡುಕಿ ಎತ್ತತಾರ. ಬಲಿ ಕಳಕೊಂಡವ ಎಲ್ಲಿ ಕಳದದ ಅಂತ ಹೇಳಬೇಕು ಅನ್ನೋ ನೇಮ ಮಾಡ್ಯಾರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಅನ್ನೋ ಖಾರಿಯಾಗ 2002ರಲಿಂದ ಮುಳುಗುಗಾರರು ಇಳದು ಸಾವಿರಗಟ್ಲೆ ಹಳೀ ಬಲಿ ಮ್ಯಾಲ ತಂದಾರ.

ಬಲೆಯವ: ನಾರ್ವೆದವರು ಅಷ್ಟು ಆಳದಾಗಿಂದ ಹೆಂಗ ಎತ್ತತಾರ?

ಗಾಳದವ: ಸರಪಳಿಗಿ ಕಬ್ಬಿಣದ ಕೊಕ್ಕಿ ಕಟ್ಟಿ ಸಮುದ್ರದ ನೆಲದ ಮ್ಯಾಲ ಎಳಕೊಂತ ಹೋಗ್ತಾರ. ಬಲಿ ಕೊಕ್ಕಿಗಿ ಸಿಗ್ತದ, ರಾಟಿಲಿಂದ ಜಗ್ತಾರ.

ಬಲೆಯವ: ಹಂಗಂದ್ರ ಪಾತಾಳಗರಡಿ! ಅದು ನಮ್ಮ ಮನ್ಯಾಗೂ ಇತ್ತು. ಬಾವ್ಯಾಗ ಕೊಡ ಬಿದ್ರ ಊರ ಹೆಣಮಕ್ಕಳೆಲ್ಲಾ ನಮ್ಮವ್ವನ ಹತ್ರ ಬರ್ತಿದ್ರು. ಆಕಿ ಸುಮ್ಮ ಕೊಡ್ತಿರಲಿಲ್ಲ, ಒಂದು ತಂಬಗಿ ಒತ್ತಿ ಇಟ್ಟು ಒಯ್ಯಿ ಅಂತಿದ್ಲು. ಗರಡಿ ತಿರುಗಿ ಬಂದ್ರ ತಂಬಗಿ ತಿರುಗಿ ಹೋಗ್ತಿತ್ತು. ಯಾರಿಗೂ ಬ್ಯಾಸರ ಇರಲಿಲ್ಲ. ನೀರಿಗಿ ಹೋಗೋ ಸಾಮಾನು ಕಳದು ಹೋಗೋ ಸಾಮಾನು ಅಂತ ಎಲ್ಲಾರಿಗೂ ಗೊತ್ತಿತ್ತು.

ಗಾಳದವ: ಕಾಕಾ, ದಕ್ಷಿಣ ಕೊರಿಯಾದವರು ಅದೇ ಮಾಡ್ಯಾರ! 2003ರಲಿಂದ ಹಳೀ ಬಲಿ ಚೀಲದಾಗ ತುಂಬಿ ದಂಡಿಗಿ ತಂದ ಮೀನುಗಾರರಿಗಿ ಚೀಲದ ಲೆಕ್ಕದಾಗ ರೊಕ್ಕ ಕೊಟ್ರು. 2024ರಲಿಂದ ಠೇವಣಿ ಪದ್ಧತಿ ಸುರು ಮಾಡ್ಯಾರ, ಮೊದಲ ಏಡಿ ಮೀನು ಹಿಡಿಯೋ ಬುಟ್ಟಿಗಿ. ಹೊಸದು ತಗೊಳ್ಳುವಾಗ ಠೇವಣಿ ಸೇರಿಸಿ ಕೊಡಬೇಕು, ಹಳೀದು ತಂದ್ರ ವಾಪಸ್.

ಬಲೆಯವ: ನಮ್ಮವ್ವ ಯಾವ ಕೊರಿಯಾಕ್ಕೂ ಹೋಗಿರಲಿಲ್ಲ. ಇರಲಿ, ಈಗ ನನ್ನ ಮಾತು ಕೇಳು. ನಾರ್ವೆದವರಿಗಿ, ಕೊರಿಯಾದವರಿಗಿ ಇಲ್ಲದ ಒಂದು ಅನುಕೂಲ ನಮಗದ. ಅವರ ಸಮುದ್ರ ಎಂದೂ ತನ್ನ ನೆಲ ತೋರಸೂದಿಲ್ಲ. ನಮ್ಮ ಡ್ಯಾಮ್ ವರ್ಷಾ ತೋರಸ್ತದ. ಹಿಂಗಾರಿಗಿ ನೀರು ಬಿಟ್ಟು, ಕುಡಿಲಾಕ ಎತ್ತಿ, ಬಿಸಿಲಿಗಿ ಆರಿ ಆರಿ ವೈಶಾಖಕ್ಕ ಅರ್ಧ ದಂಡಿ ಬಯಲಾಗ್ತದ. 2016ರಾಗಂತೂ ನಿನಗೇ ಗೊತ್ತಲ್ಲ, ಮ್ಯಾಲ ಮಾಂಜ್ರಾ ಡ್ಯಾಮ್ ಬತ್ತಿ ಲಾತೂರಿಗಿ ಮಿರಜಲಿಂದ ರೈಲಿನಾಗ ನೀರು ತಂದ್ರು. ಆ ಬ್ಯಾಸಗ್ಯಾಗ ನಾ ಈ ಕಡಿ ನಡಕೊಂತ ಹೋಗಿ ನೋಡೀನಿ. ಎಲ್ಲೆಲ್ಲಿ ಬಾವಿ ಕಟ್ಟಿ, ಎಲ್ಲೆಲ್ಲಿ ಬೊಡ್ಡಿ, ಅಲ್ಲಲ್ಲಿ ಬಲಿ. ನಾ ಕಳಕೊಂಡದ್ದೂ ಸಿಕ್ತು, ಬೆಂಡಿನ ಬಣ್ಣದ ಮ್ಯಾಲ ಗುರುತು ಹಿಡದೆ. ಮುಳುಗುಗಾರ ಬ್ಯಾಡ, ಹಡಗು ಬ್ಯಾಡ. ಒಂದು ಕುಡಗೋಲು, ಒಂದು ಎತ್ತಿನ ಗಾಡಿ ಇದ್ರ ಸಾಕಿತ್ತು. ಯಾರೂ ಬರಲಿಲ್ಲ. ಮಳಿ ಬಂತು, ಬಲಿ ಮತ್ತ ಮುಳುಗಿದ್ವು.

ಗಾಳದವ: ಯಾಕ ಬರಲಿಲ್ಲ?

ಬಲೆಯವ: ಯಾರ ಕೆಲಸ ಅದು? ಇಲಾಖಿಯವರು ಮೀನುಮರಿ ಬಿಡೂದು ನೋಡ್ತಾರ, ನೀರಾವರಿಯವರು ಗೇಟು ನೋಡ್ತಾರ, ಗುತ್ತಿಗಿದಾರ ಮೀನು ನೋಡ್ತಾನ, ಪಂಚಾಯ್ತಿಯವರು ಅದು ನಮ್ಮ ಹದ್ದಿಲ್ಲ ಅಂತಾರ. ಬಯಲಾದ ದಂಡ್ಯಾಗ ಸೌತಿ, ಕಲ್ಲಂಗಡಿ ಹಾಕೋ ರೈತ ಒಬ್ಬ ತನ್ನ ತುಂಡಿನಾಗಿನ ಬಲಿ ತಗೀತಾನ, ತಗದು ಬದುವಿಗಿ ಎಸೀತಾನ. ಮಳಿಗಾಲಕ್ಕ ಅದು ಮತ್ತ ನೀರಿಗೇ.

ಗಾಳದವ: ಎತ್ತಿ ತಂದದ್ದಾದ್ರೂ ಏನ್ ಮಾಡೋದು? ಸುಟ್ರ ಹೊಗಿ ವಿಷ. ನೈಲಾನ್ ಕರಗಿಸಿ ಮತ್ತ ದಾರ ಮಾಡಬಹುದು, ಅದು ಖರೆ, ಆದ್ರ ಅದಕ್ಕ ಹಸನಾದ ಬಲಿ ಬೇಕು. ಇಂಥಾ ಕೆಸರು, ಪಾಚಿ, ಮೂರು ಥರದ ಹಗ್ಗ ಬೆರೆತ ಗಂಟು ಯಾವ ರದ್ದಿ ಅಂಗಡಿಯವನೂ ಮುಟ್ಟೂದಿಲ್ಲ.

ಬಲೆಯವ: ಹಳೀ ಬಲಿ ಮಂದಿ ಕಾಯಿಪಲ್ಯಾದ ಮಡಿಗಿ ಬೇಲಿ ಕಟ್ತಾರ, ಕೋಳಿ ಗೂಡಿಗಿ ಹಾಕ್ತಾರ. ಅದರಾಗ ಹಾವು ಸಿಕ್ಕು ಸಾಯ್ತಾವ, ಅದೂ ಪೂರಾ ಒಳ್ಳೇದಲ್ಲ. ಅದಕ್ಕೇ ನಾ ಅನ್ನೋದು, ಗಂಟಾಗಿ ಕೆಸರು ಸೇರೋಕಿಂತ ಮೊದಲೇ ದಂಡಿಗಿ ಬರಬೇಕು. ಸವದ ಬಲಿ ಹಸನ ಇದ್ದಾಗಲೇ ತಂದು ಒಪ್ಪಿಸಿದ್ರ ರೊಕ್ಕ ಸಿಗ್ತದ ಅಂತಾದ್ರ ಬಿಡೋನು ಯಾರು? ನಮ್ಮವ್ವನ ತಂಬಗಿ ಲೆಕ್ಕ. ಗುತ್ತಿಗಿ ಹಿಡಿಯೋನು ಎಷ್ಟು ಬಲಿ ನೀರಿಗಿ ಇಳಸ್ತೀನಿ ಅಂತ ಬರದು ಕೊಡಬೇಕು, ಬೆಂಡಿನ ಮ್ಯಾಲ ಗುರುತು ಹಾಕಬೇಕು, ಠೇವಣಿ ಇಡಬೇಕು. ಮುಗಿಯೋ ಮುಂದ ತೂಕ ಮಾಡಿ ಒಪ್ಪಸಬೇಕು. ಕಮ್ಮಿ ಬಿದ್ದಷ್ಟು ಠೇವಣಿ ಮುರಕೊಂಡು ಆ ರೊಕ್ಕದಾಗೇ ವೈಶಾಖಕ್ಕ ನಮ್ಮಂಥಾ ಬಲಿಯವರಿಗಿ ಕೂಲಿ ಕೊಟ್ಟು ದಂಡಿ ಆರಸಬೇಕು.

ಗಾಳದವ: ಗುತ್ತಿಗಿದಾರ ಆ ಭಾರ ನಿಮ್ಮ ವಹಿ ಮ್ಯಾಲೇ ಹಾಕ್ತಾನಲ್ಲ? ಕಳದ ಬಲಿಗಿ ನಿಮ್ಮ ಕೂಲ್ಯಾಗ ಮುರಕೊಂತಾನ.

ಬಲೆಯವ: ಹಾಕ್ತಾನ. ಈಗಲೂ ಹಾಕ್ತಾನ, ಏನ್ ಹೊಸದಲ್ಲ. ವ್ಯತ್ಯಾಸ ಇಷ್ಟೇ: ಈಗ ನಾ ಬಲಿ ಬಿಡಸ್ಲಾಕ ಒಂದು ದಿನ ಕೇಳಿದ್ರ ಅವ ಮೀನು ತಾ ಅಂತಾನ. ಠೇವಣಿ ಇದ್ರ ಹೋಗಿ ಬಿಡಿಸಿ ತಾ ಅಂತಾನ. ಆ ದಿನದ ಕೂಲಿನೂ ಕೊಡಬೇಕಂತ ಸೊಸೈಟಿಯವರು ಹಟ ಹಿಡೀಬೇಕು. ಅದು ನಮ್ಮ ಕೆಲಸ, ನಾವು ಹಿಡೀತೀವಿ.

ಗಾಳದವ: ಗಾಳದವರಿಗಿ ಏನು ನೇಮ?

ಬಲೆಯವ: ಸೀಸ ಬ್ಯಾಡ, ಕಬ್ಬಿಣದ ನಟ್ಟು ಕಟ್ಟು, ಇಲ್ಲಾ ಹಳ್ಳು ಕಟ್ಟು. ಕೊನಿ ತುಂಡು ತೆಳ್ಳಂದು. ಬಲಿ ಎಲ್ಲಿ ಸಿಕ್ತು ಅಂತ ಫೋನಿನಾಗ ಜಾಗಾ ಗುರುತು ಮಾಡಿ ಇಟ್ಕೊ. ನೀವು ವಾರ ವಾರ ಬಂದು ಕಳಕೊಂಡ ಜಾಗಾ ಎಲ್ಲಾ ಕೂಡಿಸಿದ್ರ ಬುಡಕಿನ ಬಲಿದೇ ಒಂದು ನಕಾಶೆ ಆಗ್ತದ. ಕೂಲಿಯವರಿಗಿ ಆ ನಕಾಶೆ ಕೊಟ್ರ ಇಡೀ ದಂಡಿ ತಿರುಗೋದು ಉಳೀತದ. ನಿಮ್ಮ ನುಕ್ಸಾನು ಇಷ್ಟು ವರ್ಷ ಬರೀ ನುಕ್ಸಾನು ಆಗ್ಯದ, ಇನ್ನ ಮ್ಯಾಲ ಉಪಯೋಗಕ್ಕರೆ ಬರಲಿ.

ಗಾಳದವ: ಇದು ಆಗೋ ಮಾತು. ನಾ ಮೀನುಗಾರಿಕಿ ಇಲಾಖಿ ಸಾಹೇಬರಿಗಿ ಒಂದು ಅರ್ಜಿ ಬರೀತೀನಿ. ಮಳಿಗಾಲ ಮುಗದ ಮ್ಯಾಲ ಹೋಗಿ ಕೊಡ್ತೀನಿ.

ಬಲೆಯವ: ಮಳಿಗಾಲ ಮುಗದ ಮ್ಯಾಲ ಕೊಟ್ರ ಅವರು ನೀರು ನೋಡಿ ಚಂದದ ಅಂತಾರ. ಈಗ ಕೊಡು, ಈ ಬೊಡ್ಡಿದು ಫೋಟೊ ಹೊಡದು ಹಚ್ಚು. ಮತ್ತ ಮೊದಲ ಇದು ಕೇಳು: ಮುಂದಿನ ಗುತ್ತಿಗಿ ಟೆಂಡರ್ ಯಾವಾಗ ಕರೀತಾರ? ಶರತ್ತು ಏನಿದ್ರೂ ಟೆಂಡರಿನ ಕಾಗದದಾಗ ಬರೀಬೇಕು. ಬಲಿ ನೀರಿಗಿ ಇಳದ ಮ್ಯಾಲ ಹಾಕೋ ಶರತ್ತು ಯಾರೂ ಓದೂದಿಲ್ಲ.